ಕಾಗದದಾಗ ಅಪ್ಪನ ಹೆಸರೇನೈತಿ?

ನಮ್ಮೂರಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ನಾಯಿ ಒಳಗೆ ಬಂದೀತೆಂದು ಬಾಗಿಲು ಮುಂದೆ ಮಾಡಿದರೆ ಅದೇ ಹೆಚ್ಚು. ಆದರೆ ಈ ಸಲ ಕಡಲೆ ಕಿತ್ತು ಮುಗಿಯುವಷ್ಟರಲ್ಲಿ, ಮಧ್ಯಾಹ್ನ ಎರಡಕ್ಕೂ ಓಣಿಯ ಎಲ್ಲ ಬಾಗಿಲುಗಳು ಬಂದ್. ಕಾರಣ ಒಂದು ವಾಟ್ಸಾಪ್ ಸುದ್ದಿ. ಪೊಲೀಸರೆಂದು ಹೇಳಿಕೊಂಡು ಕಳ್ಳರು ಮನೆಗೆ ನುಗ್ಗುತ್ತಿದ್ದಾರಂತೆ. ಮನೋಳಿಯಲ್ಲಿ ಆಗಿದೆ ಎಂದು ಒಬ್ಬರು, ಮುರಗೋಡದಲ್ಲಿ ಎಂದು ಇನ್ನೊಬ್ಬರು. ಮನೋಳಿಯವರನ್ನು ಕೇಳಿದರೆ, "ಏ, ನಿಮ್ಮೂರಾಗ ಆಗೇತಂತಲ್ರಿ!" ಎಂದರು. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಹೀಗೆ ನಗುತ್ತಿದ್ದ ನಾನೂ ಚಿಲಕ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದೆ.

ನನ್ನ ಹೆಸರು ಭಾಗೀರಥಿ. ಎದುರು ಮನೆ ಮಡಿವಾಳೆಪ್ಪಣ್ಣನದು. ಹಿಟ್ಟಿನ ಗಿರಣಿ ನಡೆಸುವುದರಿಂದ ಊರಿಗೆಲ್ಲ ಅವನು ಗಿರಣಿ ಮಡಿವಾಳೆಪ್ಪ. ಹಾಗೆ ಕರೆಯದಿದ್ದರೆ ಗತಿಯಿಲ್ಲ, ಅವನ ದೊಡ್ಡಪ್ಪನ ಮಗನೂ ಮಡಿವಾಳೆಪ್ಪನೇ. ಮೊದಲ ಗಂಡು ಕೂಸಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಅವರ ಅಪ್ಪಂದಿರಲ್ಲಿ ಅಣ್ಣನೂ ಇಟ್ಟ, ತಮ್ಮನೂ ಇಟ್ಟ. ಅಡ್ಡಹೆಸರೂ ಒಂದೇ. ಆ ಇನ್ನೊಬ್ಬ ಲಾರಿ ಓಡಿಸುತ್ತಾನೆ, ಅವನು ಲಾರಿ ಮಡಿವಾಳೆಪ್ಪ. ಊರವರಿಗೆ ಇದರಿಂದ ಯಾವತ್ತೂ ತೊಂದರೆಯಾಗಿರಲಿಲ್ಲ.

ಗಿರಣಿ ಮಡಿವಾಳೆಪ್ಪಣ್ಣನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. ಈ ಸುದ್ದಿ ಕೇಳಿದ್ದೇ ತಡ, ಅವನು ಕೊಡಲಿಯನ್ನು ಸಾಣೆ ಹಿಡಿಸಿ ತಂದು ಬಾಗಿಲ ಹಿಂದೆ ಇಟ್ಟ.

ಗುರುವಾರ ನಮ್ಮ ಮಹಿಳಾ ಸಂಘದ ಸಭೆಗೆ ಸ್ನೇಹಲ್ ಬಂದಿದ್ದಳು. ನಮ್ಮೂರ ಭೀಮಶಿಯ ಮಗಳು. ಸವದತ್ತಿ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ತರಬೇತಿ ಪಡೆದ ಸ್ವಯಂಸೇವಕಿ. ಜನರಿಗೆ ಕಾನೂನಿನ ತಿಳಿವಳಿಕೆ ಹೇಳುವುದು ಅವಳ ಕೆಲಸ. ಹೆಂಡತಿ ರಾಚವ್ವನನ್ನು ಕರೆಯಲು ಬಂದ ಮಡಿವಾಳೆಪ್ಪಣ್ಣ ಹೊಸ್ತಿಲಲ್ಲೇ ನಿಂತ.

"ಏನ್ ವಕೀಲವ್ವ, ನನ್ನ ಮನಿ, ನನ್ನ ಬಾಗಲಾ. ಹೇಳದ ಕೇಳದ ಒಳಗ ಬಂದ್ರ ಕಡದ ಒಗೀತೇನಿ. ಅದಕ್ಕೂ ನಿನ್ನ ಕಾನೂನು ಬೇಕೇನು?"

ಸ್ನೇಹಲ್ ಸಿಟ್ಟಾಗಲಿಲ್ಲ. "ಕಾಕಾ, ಜೀವಕ್ಕ ಕುತ್ತ ಬಂದ್ರ ತಡೆಯೋ ಹಕ್ಕು ಕಾನೂನ ಕೊಟ್ಟೈತಿ. ಮನಿ ಒಡದ ಬಂದ ಕಳ್ಳನ್ನ ತಡೀಬಹುದು. ಆದ್ರ ತಡಿಯಾಕ ಎಷ್ಟ ಬೇಕೋ ಅಷ್ಟ. ಓಡಿ ಹೊಂಟಾಂವನ ಬೆನ್ನಿಗೆ ಹೊಡದ್ರ ಅದು ರಕ್ಷಣೆ ಅಲ್ಲ, ಗುನ್ನೆ."

"ಬಂದಾವ್ರು ಪೊಲೀಸ್ರ ಇದ್ರ?"

"ಪೊಲೀಸ್ರು ಅಂತ ಗೊತ್ತಾದ ಮ್ಯಾಲೆ ಕೈ ಎತ್ತಬ್ಯಾಡ್ರಿ. ಅವರದ ತಪ್ಪ ಇದ್ರೂ ಎತ್ತಬ್ಯಾಡ್ರಿ, ಕೋರ್ಟಿನ್ಯಾಗ ಕೇಳೂನು. ಜೀವಾ ಹೋಗೂವಂಥಾ, ಕೈಕಾಲ ಮುರಿಯೂವಂಥಾ ಹೊಡತ ಬೀಳತೈತಿ ಅಂತಿದ್ರ ಅಷ್ಟ ಬ್ಯಾರೆ ಮಾತು."

"ಪೊಲೀಸ್ರು ಅಂತ ನನಗ ಗೊತ್ತಿರಲಿಲ್ಲ ಅಂತೇನಿ."

"ಖರೇನ ಗೊತ್ತಿರಲಿಲ್ಲಂದ್ರ ಕಾನೂನು ಅದನ್ನೂ ನೋಡತೈತಿ. ಆದ್ರ ಅದನ್ನ ಸಾಬೀತ ಮಾಡೂತನಕ ಎಲ್ಲಿರತೀರಿ ಕಾಕಾ? ಹಿಂಡಲಗಾ ಜೈಲಿನ್ಯಾಗ. ಅದಕ್ಕ ಮೊದಲ ಕೇಳ್ರಿ. ಯಾರು, ಯಾವ ಠಾಣೆ, ಯಾತಕ್ಕ ಬಂದೀರಿ. ವಾರಂಟ್ ಐತಿ ಅಂದ್ರ ತೋರಸ್ರಿ ಅನ್ರಿ. ಹಿಡಿಯಾಕ ಬಂದಾವ್ರ ಎದಿ ಮ್ಯಾಲೆ ಹೆಸರಿನ ಪಟ್ಟಿ ಕಾಣಬೇಕು. ಸಂಶಯ ಬಂದ್ರ ಒಂದ ಒಂದ ಎರಡಕ್ಕ ಫೋನ್ ಹಚ್ಚರಿ."

ಮಡಿವಾಳೆಪ್ಪಣ್ಣ ನಕ್ಕುಬಿಟ್ಟ. "ಕಳ್ಳರು ನಿಂತು ಕಾಗದ ತೋರಸ್ತಾರೇನವ್ವ?"

"ತೋರಸೂದಿಲ್ಲ. ಅದಕ್ಕ ಕೇಳ್ರಿ ಅನ್ನೂದು."

ಹೆಂಗಸರೆಲ್ಲ ನಕ್ಕೆವು. ಸ್ನೇಹಲ್ ಮಾತ್ರ ನಗಲಿಲ್ಲ. "ನಾ ಸಣ್ಣಾಕಿದ್ದಾಗ ನಮ್ಮ ಅಪ್ಪನ್ನ ಏನೂ ಹೇಳದ ಒಯ್ದಿದ್ರು. ನಮ್ಮ ಓಣ್ಯಾಗ ಪೊಲೀಸ್ರು ಬಾಗಲಾ ಬಡಿಯೂದಿಲ್ರಿ, ಒದೀತಾರ. ಯಾವ ಠಾಣೆಯವ್ರು ಒಯ್ದ್ರು, ಎಲ್ಲಿಗೆ ಒಯ್ದ್ರು, ಮೂರ ದಿನ ಗೊತ್ತಾಗಲಿಲ್ಲ. ಕಾರಣ ಹೇಳಬೇಕು, ಮನ್ಯಾವ್ರಿಗೆ ತಿಳಸಬೇಕು, ಇಪ್ಪತ್ನಾಕ ತಾಸಿನ್ಯಾಗ ಕೋರ್ಟಿಗೆ ಹಾಜರ ಮಾಡಬೇಕು. ಇದೆಲ್ಲಾ ಕಾನೂನಿನ್ಯಾಗ ಇತ್ತು. ಕೇಳಾವ್ರು ಒಬ್ಬರೂ ಇರಲಿಲ್ಲ."

ಮಡಿವಾಳೆಪ್ಪಣ್ಣ ಮಾತ್ರ, "ಏನರ ಹೇಳವ್ವ, ನನಗ ಕೊಡ್ಲಿ ಮ್ಯಾಲ ನಂಬಿಕಿ" ಎನ್ನುತ್ತ ಹೋದ.

ಮುಂದಿನ ಮಂಗಳವಾರ ಮಧ್ಯಾಹ್ನ ತ್ರೀಫೇಸ್ ಕರೆಂಟ್ ಇರಲಿಲ್ಲ. ಗಿರಣಿ ನಿಲ್ಲಿಸಿ ಅವನು ಮನೆಯಲ್ಲಿ ಮಲಗಿದ್ದ. ಯಾವ ಇಲಾಖೆಯ ಬೋರ್ಡೂ ಇಲ್ಲದ ಒಂದು ಬಿಳಿ ಗಾಡಿ ಬಂದು ಓಣಿಯಲ್ಲಿ ನಿಂತಿತು. ನಾಲ್ಕು ಜನ ಇಳಿದರು. ಒಬ್ಬರ ಮೈಮೇಲೂ ಖಾಕಿ ಇಲ್ಲ. ಒಬ್ಬ ಹಿತ್ತಲ ಕಡೆ ಹೋದ, ಇನ್ನೊಬ್ಬ ಬಾಗಿಲು ಒದ್ದ.

ನಾನು ಕಿಟಕಿಯಿಂದ ನೋಡಿದೆ. ನೋಡಿ ಕಿಟಕಿ ಮುಚ್ಚಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಓಣಿಯ ಬೇರೆ ಕಿಟಕಿಗಳೂ ಟಪ್ ಟಪ್ ಎಂದು ಮುಚ್ಚಿಕೊಂಡದ್ದು ಕೇಳಿಸಿತು. ಕಳ್ಳರಾದರೆ ನಮ್ಮ ಮನೆಗೂ ಬಂದಾರು, ಪೊಲೀಸರಾದರೆ ನಮ್ಮ ಹೆಸರೂ ಬಂದೀತು. ಎರಡೂ ಕಡೆಯಿಂದ ಅಂಜಿಕೆ.

ಒಳಗೆ ಏನಾಯಿತು ಎಂಬುದನ್ನು ರಾಚವ್ವ ಆಮೇಲೆ ಹೇಳಿದಳು. ಮೊದಲ ಒದೆತಕ್ಕೇ ಕೂಸು ಚೀರಿತು. ಮಡಿವಾಳೆಪ್ಪಣ್ಣ ದಡಗ್ಗನೆ ಎದ್ದು ಕೊಡಲಿ ಎತ್ತಿಕೊಂಡು ಬಾಗಿಲ ಪಕ್ಕಕ್ಕೆ ನಿಂತ. ಬಾಗಿಲು ಮುರಿದು ಮೊದಲು ಯಾವ ತಲೆ ಒಳಗೆ ಬರುತ್ತದೋ ಅದಕ್ಕೆ ಬೀಸುವುದೆಂದು ಗಟ್ಟಿ ಮಾಡಿದ್ದ. ರಾಚವ್ವ ಎರಡೂ ಕೈಯಿಂದ ಅವನ ರಟ್ಟೆ ಹಿಡಿದಳು.

"ರೀ, ಮೊದಲ ಕೇಳ್ರಿ. ನಿಮ್ಮ ಕಾಲ ಬೀಳತೇನಿ, ಕೇಳ್ರಿ."

"ಯಾರ ಅದು?" ಎಂದು ಅವನು ಒಳಗಿನಿಂದಲೇ ಕೂಗಿದ.

"ಪೊಲೀಸ್! ತಗೀಯೋ ಬಾಗಲಾ!"

"ಯಾವ ಠಾಣೆ? ಯಾತಕ್ಕ ಬಂದೀರಿ? ಕಾಗದ ತೋರಸ್ರಿ!"

ಉತ್ತರ ಬರಲಿಲ್ಲ. ಇನ್ನೊಂದು ಒದೆತ ಬಿತ್ತು, ಚಿಲಕ ಬಾಗಿತು. ರಾಚವ್ವ 112 ಒತ್ತಿದಳು. ಮನೆಯ ಗುರುತು ಹೇಳಿ, ಬಂದವರು ಯಾರೆಂದು ವಿಚಾರಿಸಿ ಎಂದಳು. ಆ ಕಡೆಯವರು ಫೋನ್ ಇಡಬೇಡಿ ಎಂದರು. ಆಗ ಮಡಿವಾಳೆಪ್ಪಣ್ಣ ಊರೆಲ್ಲ ಕೇಳುವಂತೆ ಕೂಗಿದ.

"ಓಣ್ಯಾಗ ಯಾರರ ಅದೀರೇನು? ಬರ್ರಿ! ನನ್ನ ಮನ್ಯಾಗ ಬಾಣಂತಿ ಅದಾಳ, ಯಾರರ ಬರ್ರಿ!"

ಆ ಕೂಗು ನನಗೆ ಕೇಳಿಸಿತು. ಇಪ್ಪತ್ತೆರಡು ವರ್ಷದಿಂದ ಅವನು ನನ್ನ ಜೋಳ ಬೀಸಿಕೊಟ್ಟಿದ್ದಾನೆ. ಎದುರಿಗೇ ಇದ್ದು ನಾನು ಬಾಗಿಲ ಹಿಂದೆ ನಿಂತಿದ್ದೆ. ಎರಡನೇ ಸಲ ಕೂಗಿದಾಗ ಚಿಲಕ ತೆಗೆದೆ. ಓಣಿ ದಾಟಿ ಆ ಗಂಡಸರ ನಡುವೆ ಹೋಗಿ ನಿಂತೆ.

"ಸಾಹೇಬ್ರ, ನಾ ಎದುರ ಮನ್ಯಾಕಿ. ನೀವು ಪೊಲೀಸ್ರ ಇದ್ರ ಗುರುತಿನ ಕಾರ್ಡ್ ತೋರಸ್ರಿ. ಯಾರ್ ಬೇಕಾಗಿತ್ತು?"

"ನೀ ಯಾಕ ನಡುವ ಬರತಿ? ಸರಿ ಆ ಕಡೆ!" ಎಂದ ಅವರ ಮುಖ್ಯಸ್ಥ. ಆದರೆ ಬಾಗಿಲಿಗೆ ತೀರ ಹತ್ತಿರ ನಿಂತಿದ್ದ ನರೆಗೂದಲಿನ ಒಬ್ಬರು ಕಿಸೆಯಿಂದ ಕಾರ್ಡ್ ತೆಗೆದು ತೋರಿಸಿದರು. ನಿಜವಾದ ಪೊಲೀಸರೇ, ಬೇರೆ ಜಿಲ್ಲೆಯವರು.

"ಮಡಿವಾಳೆಪ್ಪಗ ವಾರಂಟ್ ಐತಿ. ಆಕ್ಸಿಡೆಂಟ್ ಕೇಸು. ವರ್ಷ ಆತು, ಕೋರ್ಟಿಗೆ ಬಂದಿಲ್ಲ."

ಆಕ್ಸಿಡೆಂಟ್ ಎಂದದ್ದೇ ನನಗೆ ಲಾರಿ ಮಡಿವಾಳೆಪ್ಪ ನೆನಪಾದ. "ಕಾಗದದಾಗ ಅಪ್ಪನ ಹೆಸರೇನೈತಿ ನೋಡ್ರಿ!"

"ರಾಮಲಿಂಗಪ್ಪ."

"ಈ ಮನ್ಯಾಗಿರಾಂವ ಶಂಕರೆಪ್ಪನ ಮಗಾರಿ! ಅಪ್ಪಂದಿರು ಅಣ್ಣತಮ್ಮರು. ಅಜ್ಜನ ಹೆಸರು ಇಬ್ಬರಿಗೂ ಇಟ್ಟಾರ. ನೀವು ಕೇಳಾಂವ ಲಾರಿ ಓಡಸತಾನ, ಇಲ್ಲಿರೂದಿಲ್ಲ."

ಮುಖ್ಯಸ್ಥ ನಂಬಲಿಲ್ಲ. "ಎಲ್ಲಾರೂ ಹಂಗ ಹೇಳತಾರ" ಎಂದ. ನಾನು ಬಾಗಿಲಿಗೆ ಬಾಯಿ ಹಚ್ಚಿ, "ಅಣ್ಣಾ, ಖರೇ ಪೊಲೀಸ್ರ ಅದಾರ. ಕೊಡ್ಲಿ ಕೆಳಗಿಡು. ಆಧಾರ ಕಾರ್ಡ್ ತಗೊಂಡು ಬಾ, ನಾ ಇಲ್ಲೇ ನಿಂತೇನಿ" ಎಂದೆ. ಅದೇ ಹೊತ್ತಿಗೆ ಫೋನಿನಲ್ಲೂ ಅವರು ಪೊಲೀಸರೇ ಎಂದು ಖಾತ್ರಿಯಾಯಿತು. ಒಳಗೆ ಕೊಡಲಿ ನೆಲಕ್ಕೆ ಬಿದ್ದ ಸಪ್ಪಳ ಕೇಳಿಸಿತು. ಬಾಗಿಲು ತೆರೆಯಿತು.

ಆಧಾರ್ ಕಾರ್ಡ್ ನೋಡಿ ಮುಖ್ಯಸ್ಥನ ಮುಖ ಸಣ್ಣದಾಯಿತು. "ಹೆಸರು, ಅಡ್ಡಹೆಸರು, ಊರು ಎಲ್ಲಾ ಒಂದ ಐತಿ. ನಮಗೇನ ಕನಸ ಬೀಳತೈತೇನು?" ಎಂದ. ತಪ್ಪಾಯಿತು ಎನ್ನಲಿಲ್ಲ. ಆ ನರೆಗೂದಲಿನವರು ಮಾತ್ರ ಹೊಸ್ತಿಲಲ್ಲಿ ಬಿದ್ದಿದ್ದ ಕೊಡಲಿ ನೋಡಿದರು, ಬಾಗಿದ ಚಿಲಕ ನೋಡಿದರು, ಮತ್ತೆ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು. ಬಾಗಿಲು ಮುರಿದಿದ್ದರೆ ಮೊದಲು ಒಳಗೆ ಹೋಗುವವರು ಅವರೇ ಆಗಿದ್ದರು.

ಗಾಡಿ ಹೋದ ಮೇಲೆ ಸ್ನೇಹಲ್ ಓಡೋಡಿ ಬಂದಳು. ಮಡಿವಾಳೆಪ್ಪಣ್ಣ ಗೋಡೆಗೆ ಒರಗಿ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ವಕೀಲವ್ವ, ಇನ್ನೊಂದ ಒದಿಕಿ ಬಿದ್ದಿದ್ರ ನಾ ಬೀಸತಿದ್ದೆ. ಒಂದು ಹೆಣಾ ಬೀಳತಿತ್ತು. ಹೆಸರು ತಪ್ಪಿದ್ದಕ್ಕ ಒಂದು ಹೆಣಾ."

"ಕೇಳಿದ್ರಲ್ಲ ಕಾಕಾ, ಅದ ಉಳಿಸ್ತು. ಯಾರು, ಯಾತಕ್ಕ ಅಂತ ಹೇಳಿ, ಬಾಗಲಾ ತಗೀರಿ ಅಂದ ಮ್ಯಾಲೂ ನಾವು ತಗೀಲಿಲ್ಲಂದ್ರ ಮುರಿಯೋ ಅಧಿಕಾರ ಅವರಿಗೈತಿ. ಆದ್ರ ಇವರು ಯಾತಕ್ಕ ಅನ್ನೂದನ್ನ ಹೇಳಲಿಲ್ಲ. ಅದಕ್ಕ ಮ್ಯಾಲಿನ ಅಧಿಕಾರಿಗೆ ಅರ್ಜಿ ಕೊಡೂನು, ನಾ ಬರೀತೇನಿ."

ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಲಾರಿ ಮಡಿವಾಳೆಪ್ಪನಿಗೆ ಅವನ ಸ್ವಂತ ತಮ್ಮನೇ ಫೋನ್ ಮಾಡಿ ಬೈದ. ಸ್ನೇಹಲ್ ಪುಕ್ಕಟೆ ವಕೀಲರನ್ನು ಗೊತ್ತುಮಾಡಿಕೊಟ್ಟಳು, ಅವನು ತಾನಾಗಿ ಕೋರ್ಟಿಗೆ ಹಾಜರಾದ. ಗಿರಣಿ ಮಡಿವಾಳೆಪ್ಪಣ್ಣ ಈಗ ಹಿಟ್ಟು ಬೀಸಲು ಬಂದವರಿಗೆಲ್ಲ, "ಮೊದಲ ಕೇಳ್ರಿ, ಆಮ್ಯಾಲ ಕೈ" ಎನ್ನುತ್ತಾನೆ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಬಾಗಿಲು ಬಡಿದರೆ ಒಳಗಿನಿಂದಲೇ ಕೇಳಿ. ಕಾಗದದಲ್ಲಿ ಅಪ್ಪನ ಹೆಸರನ್ನೂ ಓದಿ. ಕೆಲವು ಪ್ರಕರಣಗಳಲ್ಲಿ ವಾರಂಟ್ ಇಲ್ಲದೆಯೂ ಬಂಧಿಸಬಹುದು, ಆಗಲೂ ಕಾರಣ ಹೇಳಲೇಬೇಕು. ಬಂಧನದ ಪತ್ರಕ್ಕೆ ಮನೆಯವರೋ ನೆರೆಯವರೋ ಸಾಕ್ಷಿಯಾಗಿ ಸಹಿ ಮಾಡಬೇಕು, ಖಾಲಿ ಹಾಳೆಗೆ ಮಾತ್ರ ಯಾರೂ ಸಹಿ ಹಾಕಬೇಡಿ. ಕಾನೂನಿನ ನೆರವು ಬೇಕಾದರೆ 15100ಕ್ಕೆ ಕರೆ ಮಾಡಿ.

ಇನ್ನೊಂದು ಮಾತು, ಇದು ನೆರೆಯವರಿಗೆ. ರಾಚವ್ವನ ಫೋನಿನಲ್ಲಿ ನೋಡಿದೆವು. ಅವಳು 112ಕ್ಕೆ ಮಾಡಿದ ಕರೆ, ಕೊಡಲಿ ಕೆಳಗೆ ಬೀಳುವವರೆಗೆ ಆರು ನಿಮಿಷ ನಡೆದಿತ್ತು. ಆ ಆರು ನಿಮಿಷ ಒಂದು ಕೊಡಲಿ ಗಾಳಿಯಲ್ಲೇ ನಿಂತಿತ್ತು. ನಾನು ತಡ ಮಾಡಿದೆ. ನೀವು ಮಾಡಬೇಡಿ.