ಶರಣೆಂದವಳಿಗೆ ಬಂದೂಕು

ಅಂಗೈಯಷ್ಟು ನೆಲೆ ಸಾಕೆಂದು ಕರಸ್ಥಲಕ್ಕೆ ಇಳಿದುಬಂದ ಮಹಾಲಿಂಗವೇ, ನಿನಗೆ ಶರಣು. ನಿನ್ನನ್ನು ಹಿಡಿಯಬೇಕಾದ ಅಂಗೈಯಲ್ಲಿ ಮೌಸನ್ನು ಹಿಡಿದು ಲೋಕವನ್ನು ಗೆಲ್ಲಹೊರಟ ವೀರನೊಬ್ಬನ ಕಥೆಯನ್ನು ಹೇಳುವೆನು. ನಾಲಿಗೆ ಕಹಿಯಾದರೆ ಮನ್ನಿಸು.

ಕುಂದಲಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಮುರಿಗೆಪ್ಪ ಮತ್ತು ಕಮಲಮ್ಮ ದಂಪತಿಗಳ ಸಂಸಾರ. ಮಗ ವಿನಾಯಕ್ ವೈಟ್‌ಫೀಲ್ಡಿನ ಕಂಪನಿಯಲ್ಲಿ ಟೀಮ್ ಲೀಡರ್. ಹಾಸ್ಟೆಲಿನ ದಿನಗಳಲ್ಲಿ ಬಂದೂಕಿನ ವಿಡಿಯೊ ಗೇಮೊಂದರಲ್ಲಿ ಗೆಳೆಯರನ್ನು ಸೋಲಿಸಿ ‘ಕ್ಯಾಪ್ಟನ್’ ಎನಿಸಿಕೊಂಡಿದ್ದನು. ೨೦೧೨ರಲ್ಲಿ, ಕಚೇರಿಯ ವಾರ್ಷಿಕೋತ್ಸವಕ್ಕೆ ಅದೇ ಆಟದ ಪಂದ್ಯವೆಂದು ಕೇಳಿದ್ದೇ ತಡ, ಅಟ್ಟದ ಮೇಲಿನ ಗೀರುಬಿದ್ದ ಸಿ.ಡಿ. ಕೆಳಗಿಳಿಯಿತು. ಆ ಆಟದಲ್ಲಿ ಆಡುವವನ ತಲೆ ಕಾಣದು. ಮುಂದೆ ಚಾಚಿದ ಬಂದೂಕು, ಅದನ್ನು ಹಿಡಿದ ಎರಡು ಕೈ, ಅಷ್ಟೆ. ತಲೆಯಿಲ್ಲದ ಆ ರೂಪ ಅವನಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ನಮ್ಮ ಕೆರೆದಂಡೆಗಳಲ್ಲಿ ವೀರಗಲ್ಲುಗಳಿವೆ. ತುರು ಬಿಡಿಸಲು ಹೋಗಿ ಒಮ್ಮೆ ಸತ್ತವನಿಗೆ ಒಂದು ಕಲ್ಲು. ಸತ್ತಾಗಲೆಲ್ಲ ಚಹಾ ಕುಡಿದು ಮತ್ತೆ ಎದ್ದ ಈ ವೀರನಿಗೆ ಕಲ್ಲು ನಿಲ್ಲಿಸಹೊರಟಿದ್ದರೆ ಕುಂದಲಹಳ್ಳಿಯ ಕೆರೆಯೇ ತುಂಬಿಹೋಗುತ್ತಿತ್ತು.

ಪಂದ್ಯದ ತಯಾರಿ ನಡೆದಿದ್ದ ಒಂದು ಭಾನುವಾರ ಅವನ ತಂಗಿ ಸ್ಫೂರ್ತಿಯನ್ನು ನೋಡಲು ರಾಣೆಬೆನ್ನೂರಿನಿಂದ ವರನ ತಾಯಿ ಮಹಾದೇವಿಯವರು ಬರುವವರಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು. ಈ ತಾಯಿಯ ಒಪ್ಪಿಗೆಯೊಂದೇ ಉಳಿದಿತ್ತು. ಕಮಲಮ್ಮ ಹೋಳಿಗೆಯ ಮುಂದೆ ಕೂತಿದ್ದರು.

“ನಾನು ಪೂಜೆಗೆ ಕೂರ್ತೀನಿ, ಬಾಗಿಲು ನಿಂದು,” ಎಂದರು ಮುರಿಗೆಪ್ಪ. “ಅವ್ರು ಶರಣು ಅಂದ್ರೆ ನೀನು ಶರಣು ಶರಣಾರ್ಥಿ ಅನ್ನು. ಅಷ್ಟೇ ಕಣೋ ಕೆಲ್ಸ.”

“ನಂಗ್ ಬಿಡಪ್ಪಾ,” ಎಂದ ಕ್ಯಾಪ್ಟನ್ ಬಾಗಿಲು ತೆರೆದಿಟ್ಟು, ಹಾಲಿನಲ್ಲೇ ಕಂಪ್ಯೂಟರಿನ ಮುಂದೆ ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತನು.

ಆ ಆಟದ ವೈರಿಗಳು ಶರಣಾದಂತೆ ಕೈಯೆತ್ತಿ, ಬೆನ್ನು ತಿರುಗಿಸಿದೊಡನೆ ಗುಂಡು ಹಾರಿಸುವ ಕಪಟಿಗಳು. ಅದೊಂದೇ ನಮ್ಮ ವೀರನು ಮರೆಯದ ಶಾಸ್ತ್ರಜ್ಞಾನ. ಅಂಥವನೊಬ್ಬ ತೆರೆಯ ಮೇಲೆ ಕೈಯೆತ್ತಿದ ಹೊತ್ತಿಗೇ ಮಹಾದೇವಿಯವರು ಹೊಸ್ತಿಲಲ್ಲಿ ಕೈಮುಗಿದು, “ಶರಣ್ರೀ…” ಎಂದರು. ಆ ಪದವೊಂದು ಹೆಡ್‌ಫೋನನ್ನು ದಾಟಿತು.

“ಶರಣು ಗಿರಣು ಎಲ್ಲಾ ನನ್ ಹತ್ರ ನಡಿಯಲ್ಲ!” ತಿರುಗಿಯೂ ನೋಡದೆ ಗರ್ಜಿಸಿದನು. “ಒಂದ್ ಹೆಜ್ಜೆ ಇಟ್ರೆ ಹೊಡ್ದಾಕ್ತೀನಿ, ಮಗನೇ!”

ಮಹಾದೇವಿಯವರು ಮುಗಿದ ಕೈಯನ್ನು ಬಿಡಿಸಿ ಲಿಫ್ಟಿನತ್ತ ನಡೆದರು. ಕೋಣೆಯಿಂದ ಓಡಿಬಂದ ಸ್ಫೂರ್ತಿ ಅಣ್ಣನ ಹೆಡ್‌ಫೋನನ್ನು ಕಿತ್ತೆಸೆದಳು.

“ಗೇಮಲ್ಲಿ ಅಂದಿದ್ದು ಕಣೇ! ಇವ್ರು ಹಿಂದಿಂದ ಹೊಡೀತಾರೆ…”

“ನೀನು ಮುಂದಿಂದಾನೇ ಹೊಡ್ದೆಯಲ್ಲೋ, ನನ್ ಮದುವೇನ!”

ಮೆಟ್ಟಿಲಿಳಿದು ಓಡಿ, ಗೇಟಿನ ಬಳಿ ಮಹಾದೇವಿಯವರ ಎದುರು ನಿಂತು ಕೈಮುಗಿದಳು. “ಶರಣು ಶರಣಾರ್ಥಿ, ಅಮ್ಮಾ. ನಮ್ಮಣ್ಣ ಕ್ಯಾಪ್ಟನ್ನು, ಯುದ್ಧಕ್ಕೆ ಹೋಗಿದಾನೆ. ಬಾಗಿಲು ಕಾಯೋಕೆ ನಾನೊಬ್ಳೇ. ಒಳಗೆ ಬನ್ನಿ.”

“ಯಾರ ಜೋಡಿ ಯುದ್ಧ?”

“ಯಾರೂ ಇಲ್ಲಮ್ಮಾ, ಕಂಪ್ಯೂಟರ್ ಜೊತೆ.”

“ಗೆದ್ದಾನೇನು?”

“ದಿನಾ ಸಾಯ್ತಾನೆ.”

ಮಹಾದೇವಿಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಮೇಲೆ ಬಂದು ಹೋಳಿಗೆ ತಿಂದು, ಹೊರಡುವಾಗ ಹೇಳಿದರು: “ಹುಡುಗಿ ನಮಗ ಒಪ್ಪಿಗಿ ಐತ್ರಿ. ಮದುವಿ ದಿನ ಈ ಕ್ಯಾಪ್ಟನ್‌ನ ಕಲ್ಯಾಣಮಂಟಪದ ಬಾಗಲಾಗ ನಿಂದರಸ್ರಿ. ಬಂದವರಿಗೆಲ್ಲಾ ಶರಣು ಅನ್ಲಿ. ಬಂದೂಕು ಮನ್ಯಾಗ ಇರ್ಲಿ.”

ಹಾಗೆಯೇ ಆಯಿತು. ರೇಷ್ಮೆ ಪಂಚೆಯುಟ್ಟು, ಬೆವರಿ, ರಾಣೆಬೆನ್ನೂರಿನ ಹಸುಗೂಸುಗಳಿಗೂ ಕೈಮುಗಿದು ನಿಂತನು. ಜೀವಮಾನದಲ್ಲಿ ಅವನು ನಿಜವಾಗಿ ಕಾದ ಠಾಣೆ ಅದೊಂದೇ.

ಇದನ್ನು ಕೇಳಿದವರ ಹೊಸ್ತಿಲಿಗೆ ಒಳ್ಳೆಯವರು ಬರಲಿ. ಬಂದವರ ದನಿ ಅವರ ಕಿವಿಗೆ ಬೀಳಲಿ. ಶರಣೆಂದವರಿಗೆ ಶರಣೆನ್ನುವ ನಾಲಿಗೆಯನ್ನು ಶಿವನು ಎಲ್ಲರಿಗೂ ಕೊಡಲಿ, ವಿನಾಯಕನಿಗೂ.