ಸೊನ್ನೆ ಬಲದ ಅಜ್ಜಿ

ಧನುಶ್ರೀಯ ಕೈಯಲ್ಲಿ ಏಳು ಕಾರ್ಡುಗಳಿದ್ದವು, ಏಳೂ ಘಟಾನುಘಟಿಗಳೇ. ಒಂದನ್ನೂ ಮೇಜಿನ ಮೇಲೆ ಇಳಿಸುವಂತಿರಲಿಲ್ಲ. ಈ ಆಟದಲ್ಲಿ ವೀರರನ್ನು ಇಳಿಸಬೇಕಾದರೆ ಮೊದಲು ನೆಲದ ಕಾರ್ಡುಗಳನ್ನು ಹಾಸಬೇಕು. ಅವಳ ಮುಂದೆ ಇದ್ದದ್ದು ಒಂದೇ ಒಂದು ನೆಲ. ಉಳಿದವೆಲ್ಲ ಕಟ್ಟಿನೊಳಗೆ ಎಲ್ಲೋ ಅಡಗಿ ಕೂತಿದ್ದವು. ಪಂದ್ಯ ನಡೆಯುತ್ತಿದ್ದ ಮಡಿಕೇರಿಯ ಆ ಸಭಾಂಗಣದ ಗೋಡೆಗೆ ಒರಗಿ ನಿಂತಿದ್ದ ಅಶ್ವಥ್‌ಗೆ ಮಗಳ ಮುಖ ನೋಡಲಾಗಲಿಲ್ಲ.

ತಪ್ಪು ಅವನದೇ. ಹಿಂದಿನ ವಾರ ಅವಳು ಒಂದು ಕಾರ್ಡು ಹಿಡಿದುಕೊಂಡು ಬಂದಿದ್ದಳು. ಬುಟ್ಟಿ ಹೊತ್ತ ಅಜ್ಜಿಯ ಚಿತ್ರ. ಒಂದು ನೆಲವಿದ್ದರೆ ಸಾಕು, ಅಜ್ಜಿ ಇಳಿದು, ಕಟ್ಟಿನೊಳಗಿಂದ ಇನ್ನೊಂದನ್ನು ಹುಡುಕಿ ತಂದುಕೊಡುತ್ತಾಳೆ. ಅಷ್ಟೇ ಅವಳ ಕೆಲಸ.

"ಅಪ್ಪಾ, ಈ ಅಜ್ಜಿ ಕಾರ್ಡು ನಾಲ್ಕಿದೆ. ಪಂದ್ಯದ ಕಟ್ಟಲ್ಲಿ ಇಟ್ಕೊಳ್ಳಲಾ?"

ಅಶ್ವಥ್ ಮೂರ್ನಾಡಿನ ಬಳಿಯ ಎಸ್ಟೇಟಿನಲ್ಲಿ ರೈಟರ್. ಯಾರು ಎಷ್ಟು ಕಾಫಿಹಣ್ಣು ಕೊಯ್ದರೆಂದು ಹದಿನೆಂಟು ವರ್ಷ ತಕ್ಕಡಿ ಪಕ್ಕ ನಿಂತು ಬರೆದವನು. ಕೊಯ್ಯುವವರಿಗೆ ಕುಡಿಯುವ ನೀರು, ಖಾಲಿ ಚೀಲ ಮುಟ್ಟಿಸುತ್ತಾ ದಿನವಿಡೀ ಓಡಾಡುವ ಮುತ್ತಿ ಎಂಬಾಕೆಯ ಹೆಸರು ಆ ಪುಸ್ತಕದಲ್ಲಿ ಒಂದು ದಿನವೂ ಬಂದದ್ದಿಲ್ಲ. ಕಾರ್ಡನ್ನೂ ಅವನು ಅದೇ ಕಣ್ಣಿನಿಂದ ನೋಡಿದ. ಮೂಲೆಯಲ್ಲಿ ಬಲ ಎಂದು ಬರೆದಲ್ಲಿ ಸೊನ್ನೆಯಿತ್ತು.

"ಸೊನ್ನೆ ಇದ್ಯಲ್ಲೇ! ಹೊಡಿಯಲ್ಲ, ತಡಿಯಲ್ಲ. ತೆಗ್ದಾಕು. ಆ ಜಾಗಕ್ಕೆ ಆನೆ ಹಾಕು."

"ಆದ್ರೆ ಅಪ್ಪಾ, ಇವ್ಳು ಬಂದ್ರೆ..."

"ನಾನ್ ಹೇಳ್ತಿದೀನಲ್ಲ ಮಗ್ಳೇ."

ಅಪ್ಪ ಹೇಳಿದ ಮೇಲೆ ಮುಗಿಯಿತು. ನಾಲ್ವರು ಅಜ್ಜಿಯರೂ ಬಿಸ್ಕತ್ತಿನ ಡಬ್ಬಿ ಸೇರಿದರು. ಅಯ್ಯೋ, ಒಂದು ಸಲ ಜೊತೆಗೆ ಕೂತು ಆಡಿ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಎದುರು ಕೂತ ಶೋಭಿತಾ ಎಂಬ ಹುಡುಗಿ ಈಗ ಅದೇ ಅಜ್ಜಿಯನ್ನು ಇಳಿಸಿ ಒಂದು ನೆಲ ತಂದಳು. ಆಮೇಲೆ ಇನ್ನೊಬ್ಬ ಅಜ್ಜಿ, ಇನ್ನೊಂದು ನೆಲ. ಅದರ ಹಿಂದೆಯೇ ವೀರರು ಸಾಲುಗಟ್ಟಿ ಬಂದರು. ಧನು ಕೈಲಿದ್ದ ಕಾರ್ಡುಗಳನ್ನು ಮೆಲ್ಲಗೆ ಕೆಳಗಿಟ್ಟಳು. ಎರಡು ತಿಂಗಳಿಂದ ಕಾಯುತ್ತಿದ್ದ ಪಂದ್ಯ, ಕಾಲು ಗಂಟೆಯಲ್ಲಿ ಮುಗಿದೇಹೋಯಿತು.

"ನನ್ ತಪ್ಪು ಕಣಮ್ಮ," ಹೊರಗೆ ಬಂದು ಅಶ್ವಥ್ ಹೇಳಿದ.

"ಪರ್ವಾಗಿಲ್ಲಪ್ಪಾ."

ಅಳಲಿಲ್ಲ, ಸಿಡುಕಲಿಲ್ಲ. ಒಂದಿಷ್ಟು ಜಗಳವಾದರೂ ಆಡಬಾರದಿತ್ತೇ ಅನ್ನಿಸಿತು ಅವನಿಗೆ.

ಆಡಿದವರಿಗೆಲ್ಲ ಒಂದೊಂದು ಹೊಸ ಪ್ಯಾಕೆಟ್ ಕೊಟ್ಟಿದ್ದರು. ಧನು ಮೆಟ್ಟಿಲ ಮೇಲೆ ಕೂತು ಅದನ್ನು ಒಡೆದಳು. ಹೊಸ ಕಾರ್ಡು ಯಾವುದೇ ಸಿಗಲಿ, ಮೊದಲು ಅಪ್ಪನ ಕೈಗೆ ಕೊಡುವುದು ಅವಳ ರೂಢಿ. ಅಶ್ವಥ್ ಕನ್ನಡಕ ಏರಿಸಿಕೊಂಡು ಕೈ ಚಾಚಿದ.

ಶೋಭಿತಾ ಹೊರಗೆ ಬರುವುದು ಕಂಡು ಧನು ಆಗಲೇ ಎದ್ದಿದ್ದಳು.

"ಶೋಭಿತಾ, ಒಂದ್ನಿಮ್ಷ! ಇದನ್ನ ಇಟ್ಕೊಬೋದಾ, ನೋಡು."

ಇಬ್ಬರು ಹುಡುಗಿಯರೂ ಕಾರ್ಡಿನ ಮೇಲೆ ಬಗ್ಗಿದರು. ಚಾಚಿದ ಕೈಯಿಂದಲೇ ಅಶ್ವಥ್ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸತೊಡಗಿದ.