ಕೆಂಪು ಟಾರ್ಪಾಲಿನ ಕೆಳಗೆ

ಸಾಯಿಕುಮಾರ್ ಮೇಷ್ಟ್ರು ಕೊಟ್ಟ ಚಿತ್ರವನ್ನು ಅಂಬಿಕ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾವುದೋ ದೂರದೇಶದ ಸಂತೆ. ಅಂಗಡಿಗಳೆಲ್ಲ ವಾಲಿಕೊಂಡಿದ್ದವು, ಆಕಾಶ ಹಳದಿ. ಮುಂದುಗಡೆ ಕೂತ ಹೆಂಗಸಿನ ಮುಖವಂತೂ ಕೆಂಡದ ಹಾಗೆ ಕೆಂಪು.

"ಇವಳಿಗೆ ಯಾರ ಮೇಲೆ ಸಾರ್ ಇಷ್ಟು ಸಿಟ್ಟು?"

"ಸಿಟ್ಟು ಅಂತ ನಿಮಗ್ಯಾರು ಹೇಳಿದ್ರು? ಇವರು ಎಕ್ಸ್‌ಪ್ರೆಷನಿಸ್ಟರು. ಕಣ್ಣಿಗೆ ಕಂಡಿದ್ದಕ್ಕಿಂತ ಮನಸ್ಸಿಗೆ ಆಗಿದ್ದನ್ನ ಬರೀತಾರೆ. ಇದೇ ಥರ ನಿಮ್ಮೂರ ಮಾರ್ಕೆಟ್ಟು ಬರ್ಕೊಂಡು ಬನ್ನಿ" ಎಂದರು ಮೇಷ್ಟ್ರು.

ಅಂಬಿಕ ಬಂಗಾರಪೇಟೆಯಲ್ಲಿ ಅಂಗನವಾಡಿ ಟೀಚರ್. ರಂಗೋಲಿಯಲ್ಲಿ ಎತ್ತಿದ ಕೈ. ಆ ಗತ್ತಿನಲ್ಲೇ ರಾಬರ್ಟ್‌ಸನ್‌ಪೇಟೆಯ ಈ ಭಾನುವಾರದ ತರಗತಿಗೆ ಸೇರಿದ್ದಳು. ಜಲವರ್ಣ ಅವಳ ಗತ್ತನ್ನೆಲ್ಲ ತೊಳೆದು ಹಾಕಿತು. ರಂಗೋಲಿಯಲ್ಲಾದರೆ ಬಣ್ಣ ತುಂಬಿ, ಕೊನೆಗೊಂದು ಬಿಳಿ ಎಳೆ ಎಳೆದರೆ ಮುಗಿಯಿತು. ಇಲ್ಲೂ ಅವಳು ಹಾಳೆ ತುಂಬ ಬಣ್ಣ ಬಳಿದು, ಆಮೇಲೆ ಬಿಳಿ ಹುಡುಕಿದಳು.

ಮೇಷ್ಟ್ರು ನಕ್ಕರು. "ಹಾಳೆಯೇ ಬಿಳಿ ಕಣಮ್ಮ. ಬೇಕಾದ ಕಡೆ ಮೊದಲೇ ಬಿಟ್ಕೊಬೇಕು. ಮುಚ್ಚಿಬಿಟ್ಟ ಮೇಲೆ ಎಲ್ಲಿಂದ ತರ್ತೀರಿ?"

ಅವಳ ತಲೆ ತಿಂದದ್ದು ಮಾತ್ರ ಆ ಕೆಂಪು ಮುಖ. ಅದನ್ನು ಅವಳು ಮುಂಚೆಯೇ ನೋಡಿದ್ದಳು. ಅವಳ ಅಮ್ಮ ಮುನಿರತ್ನಮ್ಮ ತವರೂರಾದ ಇದೇ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವವಳು. ಮನೆಯಲ್ಲಿ ಎಣ್ಣೆ ಹಚ್ಚಿ ತಲೆ ಬಾಚುವ ಅಮ್ಮನೇ ಬೇರೆ, ಅಂಗಡಿಯಲ್ಲಿ ಕೂತ ಅಮ್ಮನೇ ಬೇರೆ. ಚಿಕ್ಕವಳಿದ್ದಾಗ ಒಂದು ದಿನ ಸ್ಕೂಲು ಬಿಟ್ಟೊಡನೆ ಅಲ್ಲಿಗೆ ಓಡಿದ್ದಳು. "ಇಲ್ಯಾಕೆ ಬಂದೆ? ಮನೆಗೋಗು!" ಎಂದು ಕೂಗಿದ ಅಮ್ಮನ ಮುಖ ಉರಿಯುತ್ತಿತ್ತು. ಅಮ್ಮನಿಗೆ ನಾನು ಬೇಡ ಎಂದುಕೊಂಡ ಹುಡುಗಿ ಮತ್ತೆ ಅತ್ತ ಕಾಲಿಡಲಿಲ್ಲ. ಮದುವೆಯಾದ ಮೇಲೂ ಹಬ್ಬಕ್ಕೆ ಮನೆಗೆ ಹೋಗುತ್ತಿದ್ದಳು, ಮಾರ್ಕೆಟ್ಟಿಗಲ್ಲ.

ಚಿತ್ರ ಬರೆಯಬೇಕಾದರೆ ನೋಡದೆ ಆಗುತ್ತದೆಯೇ? ತರಗತಿ ಮುಗಿಸಿ ಹೊರಟೇಬಿಟ್ಟಳು.

"ಏನಮ್ಮಿ, ದಾರಿ ತಪ್ತಾ?" ಅಮ್ಮ ತಲೆಯೆತ್ತಿದಳು. ಮುಖ ಅದೇ ಕೆಂಪು. ಅಂಬಿಕ ಒಂದು ಹೆಜ್ಜೆ ಹಿಂದೆ ಸರಿದಳು.

ಅಮ್ಮ ಗೋಣಿಚೀಲ ಸರಿಸಿ ಜಾಗ ಮಾಡಿದಳು. ಅಂಬಿಕ ಕೂತು, ತೊಡೆಯ ಮೇಲೆ ಹೊಸ ಹಾಳೆ ಹರಡಿದಳು. ಹಾಳೆ ಕೆಂಪು! ಕೈ ನೋಡಿಕೊಂಡಳು, ಅದೂ ಕೆಂಪು. ಎದುರು ಸಾಲಿನಲ್ಲಿ ಹಸಿರು ಟಾರ್ಪಾಲಿನ ಕೆಳಗೆ ಸೊಪ್ಪು ಮಾರುತ್ತಿದ್ದ ಹೆಂಗಸಿನ ಮುಖ ಹಚ್ಚ ಹಸಿರು. ತಲೆಯೆತ್ತಿದರೆ, ಬಿಸಿಲಿಗೆ ಹೊಳೆಯುವ ಕೆಂಪು ಟಾರ್ಪಾಲು.

"ಅಮ್ಮ, ಇದು ಯಾವಾಗ್ಲಿಂದ ಕೆಂಪು?"

"ಮೊದ್ಲಿಂದ್ಲೂ. ಅರಿದೋದ್ರೆ ಇನ್ನೊಂದು ಕೆಂಪ್ನೇ ಕಟ್ತೀನಿ. ದೋರೆಗಾಯಿ ಟೊಮೆಟೊನೂ ಪೂರ್ತಿ ಅಣ್ಣಾದಂಗೆ ಕಾಣ್ತದೆ ನೋಡು."

ಅಂಬಿಕಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. "ಅವತ್ತು ನೀ ಕೂಗಿದಾಗ ನಿಂಗೆ ನನ್ ಮ್ಯಾಲೆ ಕ್ವಾಪ ಅನ್ಕಂಡೆ ಕಣಮ್ಮ. ಅದ್ಕೇ ಇಲ್ಲಿಗ್ ಬರೋದು ಬಿಟ್ಬುಟ್ಟೆ."

ಟೊಮೆಟೊ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. "ಕ್ವಾಪ ಯಾಕಮ್ಮಿ? ಉರಿಬಿಸ್ಲಲ್ಲಿ ಮಗ ಒಣಗ್ತದೆ ಅಂತ ಮನೆಗೋಗು ಅಂದೆ. ಆಮ್ಯಾಕೆ ನೀ ಬರ್ಲೇ ಇಲ್ಲ. ಬೀದೀಲಿ ಕೂತು ಮಾರೋಳು ಅಂತ ನಿಂಗೇ ನಾಚ್ಕೆ ಅನ್ಕಂಡಿದ್ದೆ."

ಅಂಬಿಕ ಅಮ್ಮನ ಕೈ ಹಿಡಿದುಕೊಂಡಳು. ಇಷ್ಟು ವರ್ಷ ಅಮ್ಮ ಇದನ್ನು ಒಳಗೇ ನುಂಗಿಕೊಂಡಿದ್ದಳಲ್ಲ!

"ಸರಿ ಬಿಡು. ಅದೇನ್ ಬರೀತೀಯೋ ಬರಿ. ಗಿರಾಕಿ ಬಂದ್ರೆ ಒಸಿ ಜರುಗು" ಎಂದು ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಬಿಗುವಾಗಿರಲು ನೋಡಿದಳು, ಆಗಲಿಲ್ಲ. ಬಾಯ್ತುಂಬ ನಕ್ಕುಬಿಟ್ಟಳು.

ಅಂಬಿಕ ಬಾಟಲಿಯ ಮುಚ್ಚಳದಲ್ಲಿ ಕೆಂಪು ಕಲಸಿದಳು. ಕುಂಚ ಊರುವ ಮುಂಚೆ ಆ ನಗುವಿಗೆ ಬೇಕಾದಷ್ಟು ಜಾಗವನ್ನು ಬಿಳಿಯಾಗೇ ಬಿಟ್ಟುಕೊಂಡಳು. ಆಮೇಲೆ ಅದರ ಸುತ್ತ ಬಣ್ಣ ಹಚ್ಚತೊಡಗಿದಳು.